ಜಾಗ ಮೊದಲು, ಮೈಕು ಆಮೇಲೆ
ಕೊಳ್ಳೇಗಾಲ ಸೀಮೆಯ ಹಾಡುಗಾರಿಕೆಯನ್ನು ಧ್ವನಿಮುದ್ರಿಸುವ ಕಸುಬು

ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮ್ಮಿಕ್ಕುವ ಶಿವನಸಮುದ್ರದ ಮಗ್ಗುಲಲ್ಲೇ ಇರುವ ಊರು ಸತ್ತೇಗಾಲ. ಇಲ್ಲಿಂದ ಕೊಳ್ಳೇಗಾಲ, ಹನೂರು ಹಾದು ಮಾದಪ್ಪನ ಬೆಟ್ಟದವರೆಗೆ ಹಬ್ಬಿರುವುದು ಹಾಡುಗಾರರ ಸೀಮೆ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ದೇವರಗುಡ್ಡರು ಕಂಸಾಳೆಯೊಂದಿಗೆ ಮಲೆ ಮಾದೇಶ್ವರನ ಮಹಿಮೆಯನ್ನು ಕೊಂಡಾಡುತ್ತಾರೆ.

ಈ ಕಾವ್ಯಗಳು ಪುಸ್ತಕಗಳಾಗಿ ಬಂದಿವೆ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಲೆ ಮಾದೇಶ್ವರ ಕಾವ್ಯ ಇಂಗ್ಲಿಷಿಗೂ ಹೋಗಿದೆ. ಆದರೆ ಅಚ್ಚಿನಲ್ಲಿ ಉಳಿಯುವುದು ಮಾತು ಮಾತ್ರ. ಹಾಡುಗಾರ ಎಲ್ಲಿ ಉಸಿರೆಳೆದ, ಹಿಮ್ಮೇಳ ಎಲ್ಲಿ ಸೊಲ್ಲು ಎತ್ತಿಕೊಂಡಿತು, ಗಗ್ಗರ ಯಾವಾಗ ಚುರುಕಾಯಿತು ಎಂಬುದನ್ನೆಲ್ಲ ಉಳಿಸಬಲ್ಲದ್ದು ಧ್ವನಿಮುದ್ರಣವೊಂದೇ. ಅದು ಚೆನ್ನಾಗಿ ಬರುವುದೂ ಕೆಡುವುದೂ ಎರಡು ತೀರ್ಮಾನಗಳ ಮೇಲೆ ನಿಂತಿದೆ: ಹಾಡುಗಾರರನ್ನು ಎಲ್ಲಿ ಕೂರಿಸಿದಿರಿ, ಅವರ ಮುಂದೆ ಯಾವ ಮೈಕು ಇಟ್ಟಿರಿ.

ಎಲ್ಲಿ ಕೂರಿಸಬೇಕು?

ಜಲಪಾತದ ಹಿನ್ನೆಲೆಯಲ್ಲಿ ಹಾಡಿಸಿದರೆ ಚಿತ್ರ ಸೊಗಸಾಗಿರುತ್ತದೆ, ಧ್ವನಿ ಸಾಯುತ್ತದೆ. ಮಳೆಗಾಲದ ಭರಚುಕ್ಕಿಯ ಭೋರ್ಗರೆತದಲ್ಲಿ ಮಂದ್ರದಿಂದ ತಾರದವರೆಗಿನ ಎಲ್ಲ ಕಂಪನಗಳೂ ಇರುತ್ತವೆ. ಸ, ಶ, ತ, ಕದಂಥ ಸೂಕ್ಷ್ಮ ವ್ಯಂಜನಗಳನ್ನು ಅದು ಮೊದಲು ನುಂಗಿಹಾಕುತ್ತದೆ. ಸತ್ತೇಗಾಲದ ಹ್ಯಾಂಡ್‌ಪೋಸ್ಟಿನ ಆಸುಪಾಸಿನಲ್ಲಿ ಕೂರಿಸಿದರೆ ಲಾರಿಗಳ ಗುಡುಗು ತಂಬೂರಿಯ ಶ್ರುತಿಯ ಕೆಳಗೆ ಸೇರಿಕೊಳ್ಳುತ್ತದೆ. ಗದ್ದೆಯ ಬದಿಯಲ್ಲಿ ಸಂಜೆಯಾದರೆ ಕಪ್ಪೆಗಳ ಕಾರುಬಾರು.

ಹಾಗೆಂದು ಒಳಗೆ ಹೋದರೆ ಸಾಕೆಂದಲ್ಲ. ಸಿಮೆಂಟು ಗೋಡೆಯ ಸಮುದಾಯ ಭವನದಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ಸದ್ದು ಗೋಡೆಯಿಂದ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಕಂಸಾಳೆಯ ಪ್ರತಿ ಪೆಟ್ಟಿಗೂ ಹೀಗೇ ಆಗಿ, ಒಂದು ಪೆಟ್ಟಿನ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಅದೇ ಚಪ್ಪಾಳೆಯನ್ನು ಹಂಚಿನ ಮನೆಯ ನಡುಮನೆಯಲ್ಲಿ, ರಾಗಿ ಮೂಟೆ, ಕೌದಿ, ಚಾಪೆಗಳ ನಡುವೆ ತಟ್ಟಿ: ಸದ್ದು ಹುಟ್ಟಿದಲ್ಲೇ ಅಡಗುತ್ತದೆ. ಮೂಟೆ, ಬಟ್ಟೆಗಳು ಮಾರ್ದನಿಯನ್ನು ಹೀರಿಕೊಳ್ಳುತ್ತವೆ, ಮೇಲಿನ ಹಂಚು ಅದನ್ನು ಚದುರಿಸುತ್ತದೆ. ಫ್ಯಾನು, ಫ್ರಿಜ್ಜು ಆರಿಸಿದರೆ ಅದಕ್ಕಿಂತ ಒಳ್ಳೆಯ ಸ್ಟುಡಿಯೊ ಹಳ್ಳಿಯಲ್ಲಿ ಬೇಡ.

ಯಾವ ಮೈಕು?

ಮೈಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಡೈನಮಿಕ್ ಮೈಕು ಗಟ್ಟಿಮುಟ್ಟು. ದೊಡ್ಡ ಸದ್ದಿಗೆ ಬೆದರುವುದಿಲ್ಲ, ದೂರದ ಗದ್ದಲವನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇಂದಿಗೂ ಬಹಳಷ್ಟು ವೇದಿಕೆಗಳ ಮೇಲೆ ಕಾಣುವುದು ಇದೇ ಕಾರಣಕ್ಕೆ. ಕಂಡೆನ್ಸರ್ ಮೈಕಿನ ಪೊರೆ ತೀರ ತೆಳು. ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ ಬೇಡುತ್ತದೆ. ತಂಬೂರಿಯ ತಂತಿಯ ಝೇಂಕಾರವನ್ನು ಅದು ಹಿಡಿದಷ್ಟು ಚೆನ್ನಾಗಿ ಬೇರೊಂದು ಹಿಡಿಯದು. ಹಾಗೆಯೇ ಪಕ್ಕದ ಮನೆಯ ಕುಕ್ಕರಿನ ಕೂಗನ್ನೂ ಬಿಡದು. ಆದ್ದರಿಂದ ಜಾತ್ರೆಯ ಗದ್ದಲಕ್ಕೆ ಮೊದಲನೆಯದು, ನಡುಮನೆಗೆ ಎರಡನೆಯದು.

ಇದಕ್ಕಿಂತ ದೊಡ್ಡ ಪ್ರಶ್ನೆ, ಮೈಕು ಯಾವ ದಿಕ್ಕಿಗೆ ಕಿವಿ ಕೊಡುತ್ತದೆ ಎಂಬುದು. ಎದುರಿನ ಧ್ವನಿಯನ್ನೇ ಹೆಚ್ಚಾಗಿ ಎತ್ತುವ ಕಾರ್ಡಿಯಾಯ್ಡ್ ಮೈಕನ್ನು ಮುಂದಾಳಿನ ಬಾಯಿಗೆ ಹಿಡಿದರೆ ಸಾಹಿತ್ಯ ಸ್ಪಷ್ಟವಾಗಿ ಸಿಗುತ್ತದೆ, ಹಿಮ್ಮೇಳ ಮಾತ್ರ ಹಿಂದೆಲ್ಲೋ ಸರಿದುಹೋಗುತ್ತದೆ. ಮೇಳ ಹಾಡಿದ ಕಾವ್ಯ ಒಬ್ಬನ ಗಾಯನವಾಗಿ ದಾಖಲಾಗುತ್ತದೆ. ಮುಂದೆ ಅದನ್ನಷ್ಟೇ ಕೇಳಿದವರು ಈ ಕಲೆಯೇ ಹಾಗೆಂದು ನಂಬುತ್ತಾರೆ. ಅದಕ್ಕೇ ಮುಂದಾಳಿಗೊಂದು ಹತ್ತಿರದ ಮೈಕು, ಇಡೀ ಮೇಳಕ್ಕೆ ಆರೇಳು ಅಡಿ ದೂರದಲ್ಲಿ ಎಲ್ಲ ದಿಕ್ಕಿನ ಸದ್ದನ್ನೂ ಎತ್ತುವ ಇನ್ನೊಂದು ಮೈಕು ಇಡುವುದು ಒಳ್ಳೆಯದು. ಢಕ್ಕೆ, ತಾಳ, ಕೇಳುಗರ ಹೂಂಗುಟ್ಟುವಿಕೆ ಎಲ್ಲವೂ ಈ ಎರಡನೆಯದರಲ್ಲಿ ಸಿಗುತ್ತವೆ.

ದೂರದ ಲೆಕ್ಕ ಸರಳ. ಬಯಲಿನಲ್ಲಿ ಹಾಡುಗಾರನಿಗೂ ಮೈಕಿಗೂ ಇರುವ ಅಂತರ ಇಮ್ಮಡಿಯಾದರೆ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ದುಬಾರಿ ಮೈಕು ಕೊಳ್ಳುವ ಮುನ್ನ ಇರುವ ಮೈಕನ್ನು ಎರಡು ಹೆಜ್ಜೆ ಮುಂದಿಡುವುದು ಲೇಸು. ಬಾಯಿಗೆ ನೇರ ಇಡದೆ ತುಸು ಓರೆಯಾಗಿಟ್ಟರೆ ಪ, ಭಗಳ ಗಾಳಿ ಮೈಕಿಗೆ ಬಡಿಯುವುದಿಲ್ಲ. ಬೀಸಿ ಬಡಿಯುವ ಕಂಸಾಳೆ ತೀರ ಸಮೀಪವಿದ್ದರೆ ಧ್ವನಿ ಒಡೆಯುತ್ತದೆ. ಮುದ್ರಣದ ಮಟ್ಟವನ್ನು ಮೊದಲೇ ತಗ್ಗಿಸಿಟ್ಟುಕೊಳ್ಳಬೇಕು. ಹೊಳೆದಂಡೆಯ ಗಾಳಿಗೆ ತುಪ್ಪಳದ ಕವಚ ಬೇಕೇ ಬೇಕು.

ಉಳಿಸುವವರು ಯಾರು?

ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ದಪ್ಪಾಜಿಯ ಗದ್ದುಗೆಯ ಸುತ್ತ ನೀಲಗಾರರು ನೆರೆಯುತ್ತಾರೆ. ಅಲ್ಲಿ ಮೊಬೈಲು ಎತ್ತಿ ಹಿಡಿಯುವ ಕೈಗಳಿಗೆ ಕೊರತೆಯಿಲ್ಲ, ಆದರೆ ಧ್ವನಿವರ್ಧಕಗಳ ಅಬ್ಬರದಲ್ಲಿ ಆ ಮುದ್ರಣಗಳಿಂದ ಹಾಡು ತಿಳಿಯುವುದು ಕಷ್ಟ. ಜಾತ್ರೆಯಲ್ಲಿ ಹಾಡುಗಾರರ ಪರಿಚಯ ಮಾಡಿಕೊಂಡು, ಆಮೇಲೆ ಅವರ ಊರಿಗೇ ಹೋಗಿ, ಅವರ ಒಪ್ಪಿಗೆ ಪಡೆದು, ಅವರ ನಡುಮನೆಯಲ್ಲಿ ಮುದ್ರಿಸುವುದು ಸರಿಯಾದ ದಾರಿ. ಹಾಡಿದವರ ಹೆಸರು, ಊರು, ತಾರೀಖು, ಮೈಕು ಇಟ್ಟ ಜಾಗ ಇವನ್ನೆಲ್ಲ ಮುದ್ರಣದ ಆರಂಭದಲ್ಲೇ ಹೇಳಿಸಿ ದಾಖಲಿಸಬೇಕು. ಒಂದು ಪ್ರತಿ ಹಾಡಿದವರ ಮನೆಗೆ ಸೇರಲೇಬೇಕು. ಈ ಕೆಲಸಕ್ಕೆ ಹೊರಗಿನ ವಿದ್ವಾಂಸರನ್ನು ಕಾಯಬೇಕಿಲ್ಲ. ಯಾವ ಮನೆಯ ಜಗಲಿ ಎಷ್ಟು ಹೊತ್ತಿಗೆ ನಿಶ್ಶಬ್ದವಾಗಿರುತ್ತದೆ ಎಂಬುದು ಊರಿನ ಹುಡುಗ ಹುಡುಗಿಯರಿಗೆ ಗೊತ್ತಿರುವಷ್ಟು ಬೇರಾರಿಗೂ ಗೊತ್ತಿರುವುದಿಲ್ಲ. ಈ ಕಸುಬಿನ ಅರ್ಧ ಬಂಡವಾಳ ಆ ತಿಳಿವಳಿಕೆಯೇ.