ಗಿಡ್ಡ ತಾಳೆಯ ಎಣ್ಣೆಗೂ ಗಂಡಸರ ಮೂತ್ರಬಾಧೆಗೂ ಏನು ನಂಟು?

ಅರವತ್ತರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಬೆಳೆಯತೊಡಗಿರುತ್ತದೆ. ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುವ ಗ್ರಂಥಿಯಾದ್ದರಿಂದ ಬೆಳೆದಂತೆ ನಾಳವನ್ನು ಅಮುಕಬಹುದು. ಆಗ ರಾತ್ರಿ ಮೂರ್ನಾಲ್ಕು ಸಲ ಏಳಬೇಕು, ಹೋಗಿ ನಿಂತರೆ ಬೇಗ ಬರುವುದಿಲ್ಲ, ಬಂದರೂ ಪೂರ್ತಿ ಹೋದ ಸಮಾಧಾನವಿಲ್ಲ. ಹೆಂಡತಿಯ ಮುಂದೆ ಹೇಳಿಕೊಳ್ಳಲೂ ಮುಜುಗರ. ಈ ಮುಜುಗರವೇ ಗಿಡಮೂಲಿಕೆ ಮಾತ್ರೆಗಳ ಬಂಡವಾಳ.

ಅವುಗಳಲ್ಲಿ ಬಹಳ ಹೆಸರುವಾಸಿಯಾದದ್ದು ಸಾ ಪಾಲ್ಮೆಟೊ. ಫ್ಲೋರಿಡಾದ ಮರಳುನೆಲದಲ್ಲಿ ಪೊದೆಯಾಗಿ ಹಬ್ಬುವ ಗಿಡ್ಡ ತಾಳೆ ಇದು. ಎಲೆತೊಟ್ಟಿನ ಅಂಚಿನಲ್ಲಿ ಗರಗಸದಂಥ ಮುಳ್ಳು. ಮಾಗಿ ಕಪ್ಪಾದ ಹಣ್ಣಿನ ಎಣ್ಣೆಯೇ ಔಷಧಿ. ಟೆಸ್ಟೊಸ್ಟಿರಾನನ್ನು ಇನ್ನೂ ಪ್ರಬಲವಾದ ಡಿಎಚ್‌ಟಿಯಾಗಿ ಮಾರ್ಪಡಿಸುವ ಕಿಣ್ವವನ್ನು ಈ ಎಣ್ಣೆ ಪ್ರಯೋಗಾಲಯದ ಪ್ರನಾಳದಲ್ಲಿ ತಡೆಯುತ್ತದೆ. ಗ್ರಂಥಿ ಬೆಳೆಯಲು ಡಿಎಚ್‌ಟಿ ಬೇಕು. ವೈದ್ಯರು ಬರೆದುಕೊಡುವ ಫಿನಾಸ್ಟೆರೈಡ್ ತಡೆಯುವುದೂ ಇದೇ ಕಿಣ್ವವನ್ನೇ. ಹಾಗಾಗಿ ಜನರ ನಂಬಿಕೆ ತೀರಾ ಬುಡವಿಲ್ಲದ್ದೇನೂ ಆಗಿರಲಿಲ್ಲ.

ದೇಹದೊಳಗೆ ನಡೆಯುವುದು ಬೇರೆ. ಅದನ್ನು ಪರೀಕ್ಷಿಸಲು ಕೆಲವರಿಗೆ ಎಣ್ಣೆ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಗುಳಿಗೆ ಕೊಟ್ಟು ಹೋಲಿಸಬೇಕು. ಅದೂ ಸುಲಭವಲ್ಲ, ಏಕೆಂದರೆ ಎಣ್ಣೆಗೆ ಘಾಟು ವಾಸನೆಯಿದೆ. ತನಗೆ ಸಿಕ್ಕಿದ್ದು ಅಸಲಿಯೋ ಹುಸಿಯೋ ಎಂದು ಮೂಸಿಯೇ ಗೊತ್ತಾಗಿಬಿಟ್ಟರೆ ಹೋಲಿಕೆ ಕೆಟ್ಟಂತೆ. ಅಮೆರಿಕದ ಸಂಶೋಧಕರು 225 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಸಿ ಗುಳಿಗೆಯೊಳಕ್ಕೂ ಕಹಿ ಬೆರೆಸಿ, ಕಂದು ಬಣ್ಣ ಕಟ್ಟಿದ್ದರು. ವರ್ಷ ಕಳೆದರೂ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಪ್ರಮಾಣ ಸಾಲದಾಯಿತೇನೋ ಎಂದು ಇನ್ನೊಂದು ತಂಡ 369 ಮಂದಿಗೆ 72 ವಾರಗಳಲ್ಲಿ ಹಂತಹಂತವಾಗಿ ಮೂರು ಪಟ್ಟಿನವರೆಗೆ ಏರಿಸಿತು. 2011ರ ಆ ಫಲಿತಾಂಶ ಇನ್ನೂ ತಮಾಷೆ: ತೊಂದರೆಯ ಅಂಕ ಎಣ್ಣೆ ನುಂಗಿದವರಲ್ಲಿ ಸರಾಸರಿ 2.2, ಹುಸಿ ಗುಳಿಗೆ ನುಂಗಿದವರಲ್ಲಿ ಸುಮಾರು 3 ಇಳಿದಿತ್ತು.

ಹಾಗಾದರೆ 'ನನಗೆ ಗುಣವಾಯಿತು' ಎನ್ನುವವರು ಸುಳ್ಳಾಡುತ್ತಾರೆಯೇ? ಇಲ್ಲ. ಈ ತೊಂದರೆ ತಾನಾಗಿಯೇ ಏರಿಳಿಯುತ್ತದೆ. ನಾವು ಮಾತ್ರೆ ಶುರು ಮಾಡುವುದು ಅದು ಏರಿದಾಗ. ಇಳಿದಾಗ ಕೀರ್ತಿ ಮಾತ್ರೆಗೆ.

ಆಫ್ರಿಕಾದ ಪೈಜಿಯಂ ಮರದ ತೊಗಟೆಗೂ ಇದೇ ಖ್ಯಾತಿ. ಸುತ್ತಲೂ ತೊಗಟೆ ಸುಲಿದರೆ ಮರ ಸಾಯುತ್ತದೆ. ಕ್ಯಾಮರೂನ್, ಮಡಗಾಸ್ಕರ್‌ಗಳಲ್ಲಿ ಕೊಳ್ಳೆ ಹೆಚ್ಚಾಗಿ, 1995ರಿಂದ ಅದರ ವ್ಯಾಪಾರ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟಿದೆ.

ನಮ್ಮಲ್ಲಿ ಪ್ರಾಸ್ಟೇಟ್ ಕಾಯಿಲೆ, ಲೈಂಗಿಕ ದೌರ್ಬಲ್ಯಗಳನ್ನು ವಾಸಿಮಾಡುತ್ತೇವೆಂಬ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಬಸ್‌ಸ್ಟ್ಯಾಂಡಿನ ಗೋಡೆಗಳು ಅದನ್ನು ಓದಿದಂತಿಲ್ಲ. ಎಣ್ಣೆಯಿಂದ ಲಾಭವಿಲ್ಲದಿದ್ದರೂ ನಷ್ಟ ಹಣಕ್ಕಷ್ಟೇ. 'ಪುರುಷಶಕ್ತಿ'ಯ ಪುಡಿಗಳ ಮಾತು ಹಾಗಲ್ಲ. ಗಿಡಮೂಲಿಕೆಯೆಂದು ಮಾರುವ ಇಂಥ ಉತ್ಪನ್ನಗಳಲ್ಲಿ ವಯಾಗ್ರಾದ ಸಿಲ್ಡೆನಾಫಿಲ್ ಗುಟ್ಟಾಗಿ ಬೆರೆತಿರುವುದು ಹಲವು ದೇಶಗಳ ತಪಾಸಣೆಗಳಲ್ಲಿ ಮತ್ತೆಮತ್ತೆ ಸಿಕ್ಕಿದೆ. ಲೇಬಲ್ಲಿನಲ್ಲಿ ಅದರ ಹೆಸರಿರುವುದಿಲ್ಲ. ಎದೆನೋವೆಂದು ಆಸ್ಪತ್ರೆಗೆ ಬಂದವರು ಪುಡಿಯ ವಿಷಯ ಬಾಯಿಬಿಡುವುದಿಲ್ಲ; ತಿಳಿಯದೆ ವೈದ್ಯರು ನೈಟ್ರೇಟ್ ಕೊಟ್ಟರೆ ಎರಡೂ ಸೇರಿ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು.