ಟ್ರ್ಯಾಕ್ಟರಿನ ಲೋಡರಿಗೆ ವಾಲ್ವನ್ನು ಆರಿಸಿ ಜೋಡಿಸುವ ಕ್ರಮ

ತಿಪ್ಪೆಯ ಗೊಬ್ಬರವನ್ನು ಗಾಡಿಗೆ ತುಂಬುವುದು, ಬೇಸಿಗೆಯಲ್ಲಿ ಕೆರೆಯ ಗೋಡನ್ನು ಎತ್ತಿ ಹೊಲಕ್ಕೆ ಸಾಗಿಸುವುದು ಮುಂತಾದ ಕೆಲಸಗಳು ಬಹಳ ಆಳುಗಳನ್ನೂ ಬಹಳ ದಿನಗಳನ್ನೂ ಬೇಡತಕ್ಕವುಗಳು. ಟ್ರ್ಯಾಕ್ಟರಿನ ಮುಂಭಾಗಕ್ಕೆ ಲೋಡರನ್ನು ಕಟ್ಟಿಸಿಕೊಂಡರೆ ಇವು ಅಲ್ಪಕಾಲದಲ್ಲಿ ನೆರವೇರುವುವು. ಆದರೆ ಲೋಡರಿನ ತೋಳು ಮತ್ತು ಬಕೆಟ್ಟುಗಳ ಗಾತ್ರವನ್ನು ಪರೀಕ್ಷಿಸಿ ನೋಡುವಷ್ಟು ಎಚ್ಚರಿಕೆಯಿಂದ ಅವುಗಳನ್ನು ನಡೆಸುವ ವಾಲ್ವನ್ನು ನೋಡುವವರು ವಿರಳ. ತಕ್ಕುದಲ್ಲದ ವಾಲ್ವಿನಿಂದ ಪಂಪು ಕೆಡುವುದೂ, ವಾಲ್ವಿನ ಕವಚ ಸೀಳುವುದೂ, ಎತ್ತಿದ ಭಾರ ಕುಸಿದು ಹತ್ತಿರವಿರುವವರ ಪ್ರಾಣಕ್ಕೆ ಅಪಾಯವೊದಗುವುದೂ ಉಂಟು. ಆದಕಾರಣ ಗ್ರಾಮದ ಮುಖಂಡರೂ ಜಮೀನಿನ ಯಜಮಾನರೂ ಈ ವಿಷಯವನ್ನು ತಿಳಿದುಕೊಂಡಿರುವುದು ಅವಶ್ಯಕ.

ಎಣ್ಣೆಯ ಶಕ್ತಿ:— ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ತತ್ತ್ವವನ್ನು 17ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪ್ಯಾಸ್ಕಲ್ ಎಂಬ ಪಂಡಿತನು ನಿರೂಪಿಸಿದನು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು 1795ರಲ್ಲಿ ಇದೇ ತತ್ತ್ವದ ಮೇಲೆ ನಡೆಯುವ ಒತ್ತುಯಂತ್ರಕ್ಕೆ ಪೇಟೆಂಟನ್ನು ಪಡೆದನು. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ನೇಗಿಲನ್ನು ಎತ್ತುವ ಲಿಫ್ಟೂ, ಮುಂಭಾಗದ ಲೋಡರೂ ಈ ತತ್ತ್ವದಿಂದಲೇ ಕೆಲಸಮಾಡುತ್ತವೆ. ಪಂಪು ಎಣ್ಣೆಯನ್ನು ತಳ್ಳುತ್ತದೆ. ವಾಲ್ವು ಅದಕ್ಕೆ ದಾರಿ ತೋರಿಸುತ್ತದೆ. ಸಿಲಿಂಡರು ಭಾರವನ್ನು ಎತ್ತುತ್ತದೆ.

ಟ್ರ್ಯಾಕ್ಟರಿನ ಎಣ್ಣೆಯ ಮಾರ್ಗ:— ವಾಲ್ವನ್ನು ಕೊಳ್ಳುವುದಕ್ಕೆ ಮೊದಲು ತಮ್ಮ ಟ್ರ್ಯಾಕ್ಟರಿನಲ್ಲಿ ಎಣ್ಣೆ ಹರಿಯುವ ಕ್ರಮ ಯಾವುದೆಂಬುದನ್ನು ಅರಿಯತಕ್ಕದ್ದು. ಗೇರ್ ಪಂಪುಳ್ಳ ಸಾಧಾರಣ ಟ್ರ್ಯಾಕ್ಟರುಗಳಲ್ಲಿ ಎಂಜಿನ್ ತಿರುಗುತ್ತಿರುವವರೆಗೂ ಎಣ್ಣೆಯು ನಿಲ್ಲದೆ ಹರಿಯುತ್ತದೆ. ಕೆಲಸವಿಲ್ಲದ ವೇಳೆಯಲ್ಲಿ ಅದು ವಾಲ್ವಿನ ನಡುವಿನಿಂದ ಹಾಯ್ದು ತೊಟ್ಟಿಗೆ ಹಿಂದಿರುಗಬೇಕು. ಇಂತಹ ದಾರಿಯುಳ್ಳ ವಾಲ್ವಿಗೆ ಓಪನ್ ಸೆಂಟರ್ ವಾಲ್ವೆಂದು ಹೆಸರು. ಬೇರೆ ಕೆಲವು ಟ್ರ್ಯಾಕ್ಟರುಗಳಲ್ಲಿ ಕೆಲಸವಿಲ್ಲದಾಗ ಪಂಪು ತಾನಾಗಿಯೇ ಹರಿವನ್ನು ತಗ್ಗಿಸಿಕೊಳ್ಳುವುದರಿಂದ, ನಡುದಾರಿ ಮುಚ್ಚಿರುವ ಕ್ಲೋಸ್ಡ್ ಸೆಂಟರ್ ವಾಲ್ವು ಅವಕ್ಕೆ ಸಲ್ಲುತ್ತದೆ.

ಹೊರಗಿನಿಂದ ನೋಡಿದರೆ ಇವೆರಡೂ ಒಂದೇ ರೀತಿ ಕಾಣಬಹುದು. ಗೇರ್ ಪಂಪಿನ ಟ್ರ್ಯಾಕ್ಟರಿಗೆ ಮುಚ್ಚಿದ ನಡುವಿನ ವಾಲ್ವನ್ನು ಜೋಡಿಸಿದರೆ ಎಣ್ಣೆಗೆ ದಾರಿಯಿಲ್ಲದೆ, ಹನಿ ಹನಿಯೂ ರಿಲೀಫ್ ವಾಲ್ವಿನ ಮೂಲಕ ಬಲವಂತದಿಂದ ನುಗ್ಗಿ, ಸ್ವಲ್ಪ ಹೊತ್ತಿನಲ್ಲಿಯೇ ಕಾಯ್ದು, ಪಂಪನ್ನೂ ಸೀಲುಗಳನ್ನೂ ಕೆಡಿಸುತ್ತದೆ. ಆದುದರಿಂದ ಬೆಲೆಯನ್ನು ಕೇಳುವ ಮೊದಲು ಟ್ರ್ಯಾಕ್ಟರಿನ ಕೈಪಿಡಿಯನ್ನು ನೋಡಿ, ಅಂಗಡಿಯವರಿಗೆ ಈ ವಿವರವನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು.

ಎಷ್ಟು ದೊಡ್ಡ ವಾಲ್ವು ಬೇಕು:— ವಾಲ್ವಿನ ಗಾತ್ರವನ್ನು ಪಂಪಿನ ಹರಿವಿಗೆ ಅನುಸಾರವಾಗಿ ನಿರ್ಧರಿಸಬೇಕು. ಒಂದು ಸುತ್ತಿಗೆ 16 ಘನ ಸೆಂಟಿಮೀಟರು ಎಣ್ಣೆಯನ್ನು ತಳ್ಳುವ ಪಂಪು ನಿಮಿಷಕ್ಕೆ 2,000 ಸುತ್ತು ತಿರುಗಿದರೆ 32 ಲೀಟರು ಹರಿವು ಸಿಗುತ್ತದೆ. ಇದಕ್ಕೆ ನಿಮಿಷಕ್ಕೆ 40 ಲೀಟರನ್ನು ಸಲೀಸಾಗಿ ಬಿಡುವ ವಾಲ್ವು ತಕ್ಕದ್ದು. 20 ಲೀಟರಿನ ವಾಲ್ವಾದರೆ ಎಣ್ಣೆ ಇಕ್ಕಟ್ಟಿನಲ್ಲಿ ಸಿಕ್ಕಿ ಬಿಸಿಯಾಗುವುದು. ಲೋಡರಿನ ತೋಳಿಗೆ 63 ಮಿಲ್ಲಿಮೀಟರು ವ್ಯಾಸದ ಎರಡು ಸಿಲಿಂಡರುಗಳಿದ್ದರೆ ಅವುಗಳ ಒಟ್ಟು ವಿಸ್ತೀರ್ಣ ಸುಮಾರು 62 ಚದರ ಸೆಂಟಿಮೀಟರು. ದಂಡವು 50 ಸೆಂಟಿಮೀಟರು ಚಲಿಸಲು ಸುಮಾರು 3.1 ಲೀಟರು ಎಣ್ಣೆ ಬೇಕಾಗಿ, ತೋಳು ಸುಮಾರು 6 ಸೆಕೆಂಡಿನಲ್ಲಿ ಮೇಲೇಳುತ್ತದೆ. ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಒತ್ತಡವಿದ್ದಲ್ಲಿ ಆ ಎರಡು ಸಿಲಿಂಡರುಗಳು ಒಟ್ಟಿಗೆ 9,000 ಕಿಲೋಗ್ರಾಮಿಗೂ ಮೀರಿದ ಬಲದಿಂದ ತಳ್ಳುತ್ತವೆ. ತೋಳಿನ ಉದ್ದದ ದೆಸೆಯಿಂದ ಬಕೆಟ್ಟಿಗೆ ದೊರೆಯುವ ಬಲ ಇದಕ್ಕಿಂತ ಬಹಳ ಕಡಮೆಯಾದರೂ, ವಾಲ್ವು ತಡೆಯಬೇಕಾದ ಒತ್ತಡ ಎಷ್ಟೆಂಬುದು ಇದರಿಂದ ಮನದಟ್ಟಾಗುವುದು.

ವಾಲ್ವಿನ ಹಿಡಿಗಳು:— ಲೋಡರಿಗೆ ಎರಡು ಹಿಡಿಗಳ ಕೆಲಸ ಬೇಕು. ಒಂದು ತೋಳಿಗೆ, ಇನ್ನೊಂದು ಬಕೆಟ್ಟಿಗೆ. ಎರಡೂ ಸಿಲಿಂಡರಿನ ಎರಡು ಕಡೆಗೂ ಎಣ್ಣೆಯನ್ನು ಕಳುಹಿಸುವಂತಿರಬೇಕು. ತೋಳಿನ ಹಿಡಿಗೆ ಏರಿಸು, ನಿಲ್ಲಿಸು, ಇಳಿಸು ಎಂಬ ಮೂರು ಸ್ಥಾನಗಳಲ್ಲದೆ ಫ್ಲೋಟ್ ಎಂಬ ನಾಲ್ಕನೆಯ ಸ್ಥಾನವೂ ಇರುವುದು ಮೇಲು. ಈ ಸ್ಥಾನದಲ್ಲಿ ಸಿಲಿಂಡರಿನ ಎರಡು ಬಾಯಿಗಳೂ ತೊಟ್ಟಿಗೆ ತೆರೆದುಕೊಂಡು, ಬಕೆಟ್ಟು ನೆಲದ ಏರುತಗ್ಗುಗಳನ್ನು ಅನುಸರಿಸಿ ಸಾಗುತ್ತದೆ. ಆದರೆ ಬಕೆಟ್ಟು ಮೇಲಿರುವಾಗ ಹಿಡಿಯನ್ನು ಈ ಸ್ಥಾನಕ್ಕೆ ತಳ್ಳಿದರೆ ಭಾರವು ತಡೆಯಿಲ್ಲದೆ ಕೆಳಗೆ ಬೀಳುವುದು. ಚಾಲಕನಿಗೆ ಇದನ್ನು ಮೊದಲ ದಿನವೇ ತಿಳಿಸಿ ಹೇಳತಕ್ಕದ್ದು.

ಕೋಡಿಯೂ ಕಾಲುವೆಯೂ:— ತುಂಬಿದ ಕೆರೆಗೆ ಕೋಡಿಯಿದ್ದಂತೆ ಎಣ್ಣೆಯ ಮಾರ್ಗಕ್ಕೆ ರಿಲೀಫ್ ವಾಲ್ವು ಇರುತ್ತದೆ. ಒತ್ತಡ ಮಿತಿಮೀರಿದಾಗ ಅದು ತೆರೆದುಕೊಂಡು ಎಣ್ಣೆಯನ್ನು ತೊಟ್ಟಿಗೆ ಬಿಡುತ್ತದೆ. ಕೆಲವು ಟ್ರ್ಯಾಕ್ಟರುಗಳಲ್ಲಿ ಇದು ಹಿಂಭಾಗದ ಲಿಫ್ಟಿನೊಳಗೆ ಇರುತ್ತದೆ. ಪಂಪಿಗೂ ಲಿಫ್ಟಿಗೂ ನಡುವೆ ಲೋಡರಿನ ವಾಲ್ವನ್ನು ಸೇರಿಸಿದಾಗ, ಹಿಡಿಯನ್ನೆಳೆದ ಕೂಡಲೆ ಎಣ್ಣೆ ಆ ಕೋಡಿಯವರೆಗೆ ತಲುಪುವುದೇ ಇಲ್ಲ. ಆದಕಾರಣ ಲೋಡರಿನ ವಾಲ್ವಿನಲ್ಲಿಯೇ ಪ್ರತ್ಯೇಕ ರಿಲೀಫ್ ವಾಲ್ವು ಇದ್ದು, ಅದು ಟ್ರ್ಯಾಕ್ಟರು ತಯಾರಕರು ಗೊತ್ತುಮಾಡಿದ ಒತ್ತಡವನ್ನು ಮೀರದಂತೆ ಹೊಂದಿಸಲ್ಪಟ್ಟಿರಬೇಕು. ಹೆಚ್ಚು ಭಾರ ಎತ್ತಬೇಕೆಂಬ ಆಸೆಯಿಂದ ಅದರ ತಿರುಪನ್ನು ಬಿಗಿಮಾಡುವುದು, ಕೋಡಿಗೆ ಕಟ್ಟೆಯನ್ನು ಕಟ್ಟಿ ಏರಿ ಒಡೆಯುವುದನ್ನು ಕಾದಂತೆ.

ಲೋಡರಿನ ವಾಲ್ವನ್ನು ದಾಟಿದ ಎಣ್ಣೆಯು ಹಿಂಭಾಗದ ಲಿಫ್ಟನ್ನೂ ನಡೆಸಬೇಕಾದರೆ ವಾಲ್ವಿಗೆ ಪವರ್ ಬಿಯಾಂಡ್ ಎಂಬ ಮತ್ತೊಂದು ಬಾಯಿ ಇರಲೇಬೇಕು. ಮೇಲಿನ ಗದ್ದೆಯನ್ನು ದಾಟಿ ಕೆಳಗಿನ ಗದ್ದೆಗೆ ನೀರೊಯ್ಯುವ ಕಾಲುವೆ ಬೇರೆ, ಹೆಚ್ಚಾದ ನೀರನ್ನು ಹೊರಗೆ ಬಿಡುವ ಬಸಿಗಾಲುವೆ ಬೇರೆ. ಅದೇ ರೀತಿ ಪವರ್ ಬಿಯಾಂಡ್ ಬಾಯಿಯಿಂದ ಲಿಫ್ಟಿಗೆ ಒಂದು ಪೈಪೂ, ತೊಟ್ಟಿಯ ಬಾಯಿಯಿಂದ ನೇರವಾಗಿ ತೊಟ್ಟಿಗೆ ಇನ್ನೊಂದು ಪೈಪೂ ಹೋಗಬೇಕು. ಈ ಬಾಯಿಯಿಲ್ಲದ ವಾಲ್ವಿನ ತೊಟ್ಟಿಯ ಬಾಯನ್ನೇ ಲಿಫ್ಟಿಗೆ ಸೇರಿಸಿದರೆ, ಲಿಫ್ಟು ಭಾರವೆತ್ತುವಾಗ ಪೂರ್ಣ ಒತ್ತಡವು ವಾಲ್ವಿನ ಕವಚದ ಮೇಲೆ ಬಿದ್ದು ಸೀಲುಗಳು ಸಿಡಿಯುತ್ತವೆ, ಕವಚವೇ ಸೀಳುವುದೂ ಉಂಟು.

ಜೋಡಿಸುವ ಕ್ರಮ:— ವಾಲ್ವು ಚಾಲಕನ ಬಲಗೈಗೆ ಎಟಕುವಂತಿರಬೇಕು. ನೆಲದ ಮೇಲೆ ನಿಂತವನ ಕೈಗಾಗಲಿ ಬಟ್ಟೆಗಾಗಲಿ ಹಿಡಿ ಸಿಕ್ಕುವಂತಿರಬಾರದು. ವಾಲ್ವನ್ನು ಸಮತಟ್ಟಾದ ತಗಡಿನ ಮೇಲೆ ಕೂರಿಸಬೇಕು. ಓರೆಯಾದ ತಗಡಿನ ಮೇಲಿಟ್ಟು ಬೋಲ್ಟುಗಳನ್ನು ಬಿಗಿದರೆ ಕವಚ ಬಾಗಿ ಒಳಗಿನ ದಂಡ ಹಿಡಿದುಕೊಳ್ಳುವುದು. ಪೈಪುಗಳ ಮರೆಗಳು ನೋಟಕ್ಕೆ ಒಂದೇ ತೆರನಾಗಿದ್ದರೂ ಅಳತೆಯಲ್ಲಿ ಭೇದವಿರುವುದರಿಂದ, ಒಂದು ಬಗೆಯದನ್ನು ಮತ್ತೊಂದಕ್ಕೆ ಬಲವಂತದಿಂದ ತಿರುಗಿಸಬಾರದು. ನೀರಿನ ಕೊಳಾಯಿಗೆ ಉಪಯೋಗಿಸುವ ಪೈಪುಗಳನ್ನು ಇಲ್ಲಿ ಉಪಯೋಗಿಸಲೇಬಾರದು. ತೊಟ್ಟಿಗೆ ಹಿಂದಿರುಗುವ ಪೈಪಿನ ಬಾಯಿ ಅಗಲವಾಗಿದ್ದು, ಅದರ ದಾರಿಯಲ್ಲಿ ಎಲ್ಲಿಯೂ ನಲ್ಲಿಯಾಗಲಿ ಮುಚ್ಚಳವಾಗಲಿ ಇರಕೂಡದು.

ಜೋಡಣೆ ಮುಗಿದ ಮೇಲೆ ಎಂಜಿನನ್ನು ನಿಧಾನವಾಗಿ ನಡೆಸಿ, ಬರಿಯ ಬಕೆಟ್ಟನ್ನು ಹಲವು ಸಾರಿ ಏರಿಸಿ ಇಳಿಸಿ ಒಳಗಿನ ಗಾಳಿಯನ್ನು ಹೊರಪಡಿಸಬೇಕು. ಸಿಲಿಂಡರುಗಳು ತುಂಬಿಕೊಂಡಷ್ಟು ಎಣ್ಣೆ ತೊಟ್ಟಿಯಲ್ಲಿ ಕಡಮೆಯಾಗುವುದರಿಂದ ಬಕೆಟ್ಟನ್ನು ನೆಲಕ್ಕಿಳಿಸಿ ಎಣ್ಣೆಯ ಮಟ್ಟವನ್ನು ನೋಡಿ ತುಂಬಬೇಕು.

ಪ್ರಾಣರಕ್ಷಣೆಯ ನಿಯಮಗಳು:— ಎಣ್ಣೆ ಸೋರುವುದನ್ನು ಕೈಯಿಂದ ಮುಟ್ಟಿ ಪರೀಕ್ಷಿಸಬಾರದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆಯೂ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಗಾಯ ಸೂಜಿಮೊನೆಯಷ್ಟಿದ್ದು, ಮೊದಲು ನೋವು ತೋರದಿದ್ದರೂ ಒಡನೆಯೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗತಕ್ಕದ್ದು. ತಡಮಾಡಿದಲ್ಲಿ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗಬಹುದು. ವಾಲ್ವು ಎಷ್ಟೇ ಹೊಸದಾದರೂ ಅದರ ದಂಡದ ಸುತ್ತ ಸ್ವಲ್ಪ ಎಣ್ಣೆ ಜಾರುವುದು ಸಹಜ. ಹಾಗಾಗಿ ಎತ್ತಿ ನಿಲ್ಲಿಸಿದ ಬಕೆಟ್ಟು ಕ್ರಮೇಣ ಇಳಿಯುತ್ತದೆ. ಅದನ್ನು ನಂಬಿ ಯಾರೂ ಕೆಳಗೆ ನಿಲ್ಲಬಾರದು. ದುರಸ್ತಿಯ ಕಾಲದಲ್ಲಿ ತೋಳಿಗೆ ಗಟ್ಟಿಯಾದ ಆಸರೆ ಕೊಡಬೇಕು. ಚಾಲಕನು ಕೆಳಗಿಳಿಯುವ ಮುನ್ನ ಬಕೆಟ್ಟನ್ನು ನೆಲಕ್ಕೆ ಮುಟ್ಟಿಸಿ ಎಂಜಿನನ್ನು ನಿಲ್ಲಿಸಬೇಕು.

ತಕ್ಕ ವಾಲ್ವಿಗೆ ಕೊಡುವ ಹೆಚ್ಚಿನ ಬೆಲೆ, ಕೆಟ್ಟ ಪಂಪಿನ ದುರಸ್ತಿಯ ವೆಚ್ಚಕ್ಕೆ ಹೋಲಿಸಿದರೆ ಅಲ್ಪವಾದುದು. ಒಬ್ಬ ಆಳಿನ ಪ್ರಾಣಕ್ಕಂತೂ ಬೆಲೆಯೇ ಇಲ್ಲ. ಎಣ್ಣೆಗೆ ಹೋಗಲು ದಾರಿ, ಹಿಂದಿರುಗಲು ದಾರಿ, ಒತ್ತಡ ಮೀರಿದಾಗ ಕೋಡಿ, ಈ ಮೂರೂ ಸರಿಯಾಗಿರುವುದನ್ನು ಯಜಮಾನರು ತಾವೇ ಮುಂದೆ ನಿಂತು ನೋಡಿಕೊಂಡ ನಂತರವೇ ಲೋಡರನ್ನು ಕೆಲಸಕ್ಕೆ ಹಚ್ಚುವುದು ಶ್ರೇಯಸ್ಕರ.