ಇಂಗ್ಲಿಷಿನಲ್ಲಿ ವಿನಯದ ಉತ್ತರ: ಮಕ್ಕಳಿಗೆ ಕಲಿಸುವುದು ಹೇಗೆ?

ಕೆಲಸದ ಸಂದರ್ಶನಕ್ಕೆ ಹೋದ ಹುಡುಗನೊಬ್ಬನನ್ನು ಅಲ್ಲಿಯವರು ಇಂಗ್ಲಿಷಿನಲ್ಲಿ 'ಚಹಾ ತೆಗೆದುಕೊಳ್ಳುತ್ತೀರಾ?' ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಹುಡುಗ 'ನೋ' ಎಂದು ಸುಮ್ಮನಾಗುತ್ತಾನೆ. ಊರಿನಲ್ಲಾದರೆ 'ಬೇಡ್ರೀ, ಈಗಷ್ಟೇ ಕುಡಿದೆ' ಎಂದು ನಗುತ್ತಾ ಹೇಳುವ ಹುಡುಗನೇ ಅವನು. ಆದರೆ ಕೇಳಿದವರಿಗೆ ಒರಟನಂತೆ ಕಾಣುತ್ತಾನೆ.

ವ್ಯಾಕರಣ ತಪ್ಪಿದರೆ 'ಇನ್ನೂ ಕಲಿಯುತ್ತಿದ್ದಾನೆ' ಎಂದು ಜನ ಸುಮ್ಮನಾಗುತ್ತಾರೆ. ವಿನಯ ತಪ್ಪಿದರೆ ಅವನ ಗುಣವೇ ಹಾಗೆ ಎಂದುಕೊಳ್ಳುತ್ತಾರೆ. ಭಾಷಾಶಾಸ್ತ್ರಜ್ಞೆ ಜೆನ್ನಿ ಥಾಮಸ್ 1983ರ ತಮ್ಮ ಲೇಖನದಲ್ಲಿ ಎಚ್ಚರಿಸಿದ್ದು ಇದನ್ನೇ.

ತಪ್ಪು ಎಲ್ಲಿ ಆಗುತ್ತದೆ?

ನಮ್ಮ ಭಾಷೆಯಲ್ಲಿ ಗೌರವ ಕ್ರಿಯಾಪದದ ಕೊನೆಯಲ್ಲೇ ಇದೆ. 'ಕೊಡು' ಎಂಬುದು 'ಕೊಡಿ' ಆದರೆ ಸಾಕು. ತಮಿಳಿನ 'ವಾಂಗ', ತೆಲುಗಿನ 'ಚೆಪ್ಪಂಡಿ', ಮರಾಠಿಯ 'ಬಸಾ' ಕೂಡ ಹೀಗೆಯೇ. ಇಂಗ್ಲಿಷಿನಲ್ಲಿ ಈ ಅನುಕೂಲ ಇಲ್ಲ. ನೀನು, ನೀವು ಎರಡಕ್ಕೂ 'ಯು' ಒಂದೇ. 'ಫಾರಂ ಕೊಡಿ' ಎಂಬುದನ್ನು 'ಗಿವ್ ಮಿ ದ ಫಾರ್ಮ್' ಎಂದರೆ 'ಕೊಡಿ'ಯಲ್ಲಿದ್ದ ಗೌರವ ಬಿಟ್ಟುಹೋಗಿ ಆಜ್ಞೆಯಷ್ಟೇ ಉಳಿಯುತ್ತದೆ. ಆ ಗೌರವವನ್ನು 'ಕುಡ್ ಯು', 'ಪ್ಲೀಸ್', 'ಥ್ಯಾಂಕ್ಸ್', 'ಸಾರಿ' ಮುಂತಾದ ಬೇರೆ ಮಾತುಗಳಿಂದ ತುಂಬಬೇಕು.

ಬೇಡ ಎನ್ನುವಾಗ

ಚಹಾ ಬೇಡವಾದರೆ 'ನೋ, ಥ್ಯಾಂಕ್ಸ್' ಎಂದರೆ ಸಾಕು. ಯಾರಾದರೂ ಮದುವೆಗೋ ಸಭೆಗೋ ಕರೆದಾಗ ಬರಲಾಗದಿದ್ದರೆ ಮೂರು ಮಾತು ಬೇಕು: ಮೊದಲು ಕರೆದದ್ದಕ್ಕೆ ಸಂತೋಷ, ಆಮೇಲೆ ಬರಲಾಗದ ಕಾರಣ, ಕೊನೆಗೆ ಇನ್ನೊಂದು ದಿನದ ಮಾತು. 'ಥ್ಯಾಂಕ್ ಯು, ಐ ವುಡ್ ಲವ್ ಟು ಕಮ್, ಬಟ್ ಐ ಹ್ಯಾವ್ ಆ್ಯನ್ ಎಕ್ಸಾಮ್. ಮೇಬಿ ನೆಕ್ಸ್ಟ್ ವೀಕ್?'

ಹೌದು, ಇಲ್ಲಗಳ ಗೊಂದಲ

'ನೀವು ನಾಳೆ ಬರುವುದಿಲ್ಲವೇ?' ಎಂದರೆ ಕನ್ನಡದಲ್ಲಿ 'ಹೌದು, ಬರುವುದಿಲ್ಲ' ಎನ್ನಬಹುದು. ಇಂಗ್ಲಿಷಿನಲ್ಲಿ 'ನೋ, ಐ ಆ್ಯಮ್ ನಾಟ್' ಎನ್ನಬೇಕು. ಬರಿಯ 'ಯೆಸ್' ಎಂದರೆ ನೀವು ಬರುತ್ತೀರಿ ಎಂದು ಅವರು ಕಾಯುತ್ತಾರೆ.

'ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?' ಎಂಬ ಪ್ರಶ್ನೆ ಇನ್ನೂ ಕಷ್ಟ. ಇಲ್ಲಿ ಕೂತರೆ ನಿಮಗೆ ತೊಂದರೆಯೇ ಎಂಬುದು ಅದರ ಅರ್ಥ. 'ಯೆಸ್' ಎಂದರೆ ಕೂರಬೇಡಿ ಎಂದಂತೆ. 'ನಾಟ್ ಅಟ್ ಆಲ್, ಪ್ಲೀಸ್ ಸಿಟ್' ಎನ್ನಬೇಕು.

ಕಲಿಸುವ ಬಗೆ

ಉತ್ತರವನ್ನು ಒಂಟಿಯಾಗಿ ಬಾಯಿಪಾಠ ಮಾಡಿಸಬೇಡಿ. ಪ್ರಶ್ನೆ ಮತ್ತು ಉತ್ತರವನ್ನು ಜೋಡಿಯಾಗಿಯೇ ಹೇಳಿಸಿ. ಒಬ್ಬಳು ಅಂಗಡಿಯವಳು, ಇನ್ನೊಬ್ಬ ಗಿರಾಕಿ, ಆಮೇಲೆ ಅದಲುಬದಲು. ಅದೇ ಮಾತನ್ನು ಗೆಳೆಯನಿಗೆ ಹೇಗೆ, ಅಧಿಕಾರಿಗೆ ಹೇಗೆ ಎಂದೂ ಕೇಳಿ. ದನಿಯನ್ನೂ ತಿದ್ದಿ, ಗದರುವ ದನಿಯಲ್ಲಿ ಹೇಳಿದ 'ಪ್ಲೀಸ್' ವಿನಯವಾಗದು.

ಗಡಿನಾಡಿನ ಮಕ್ಕಳಿಗೆ ಇದು ಹೊಸ ವಿದ್ಯೆಯೇನಲ್ಲ. ಕನ್ನಡದ 'ನೀವು' ಎಂಬುದನ್ನೇ ಮಲಯಾಳಕ್ಕೆ ತಿರುಗಿಸಿ ಮೇಷ್ಟ್ರಿಗೆ 'ನಿಙ್ಙಳ್' ಎಂದರೆ ಚೆನ್ನಾಗಿರದು, 'ಮಾಷ್' ಎಂದೇ ಕರೆಯಬೇಕು ಎಂಬುದು ಕಾಸರಗೋಡಿನ ಮಕ್ಕಳಿಗೆ ಗೊತ್ತು. ಆದ್ದರಿಂದ 'ಇದನ್ನು ಮನೆಯಲ್ಲಿ ಹೇಗೆ ಹೇಳುತ್ತೀ, ಪೇಟೆಯಲ್ಲಿ ಹೇಗೆ ಹೇಳುತ್ತೀ?' ಎಂದು ಮೊದಲು ಕೇಳಿ. ಆಮೇಲೆ ಇಂಗ್ಲಿಷಿನದನ್ನು ಹೇಳಿಕೊಡಿ.